1969ರ ಸಿ10 ಟ್ರಕ್ಕಿಗೆ ವಿದ್ಯುತ್ ಬ್ರೇಕ್ ಬೂಸ್ಟರ್, ಪವರ್ ಕಿಟಕಿ, ಸೆಂಟ್ರಲ್ ಲಾಕ್: ಕೆಲಸದ ದಾಖಲೆ

ಶೆವ್ರೊಲೆ ಸಿ10 ಪಿಕಪ್ ಟ್ರಕ್ಕಿನ 1967–72ರ ಪೀಳಿಗೆಗೆ ಮುಂಚಕ್ರದ ಡಿಸ್ಕ್ ಬ್ರೇಕ್ ಸಾಮಾನ್ಯ ಸಲಕರಣೆಯಾಗಿ ಬಂದದ್ದು 1971ರ ಮಾದರಿಯಲ್ಲಿ. ಇಲ್ಲಿ ಹೇಳುತ್ತಿರುವುದು 1969ರ ಗಾಡಿಯ ವಿಷಯ. ಕಾರ್ಖಾನೆಯಿಂದ ಹೊರಬಂದಾಗ ಇದರ ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕ್ ಇತ್ತು. ಪೆಡಲಿಗೂ, ಬ್ರೇಕ್ ಆಯಿಲನ್ನು ಒತ್ತಿ ಕಳುಹಿಸುವ ಮಾಸ್ಟರ್ ಸಿಲಿಂಡರಿಗೂ ನಡುವೆ ಒಂದು ಸರಳನ್ನು ಬಿಟ್ಟರೆ ಚಾಲಕನ ಕಾಲಿಗೆ ಬೇರಾವ ನೆರವೂ ಇರಲಿಲ್ಲ. 1971–72ರ ಗಾಡಿಗಳ ಸ್ಪಿಂಡಲ್ (ಚಕ್ರ ಕೂರುವ ಅಚ್ಚು), ಡಿಸ್ಕ್ ಮತ್ತು ಅದನ್ನು ಇಕ್ಕಳದಂತೆ ಹಿಡಿಯುವ ಕ್ಯಾಲಿಪರ್‌ಗಳು ಹಿಂದಿನ ವರ್ಷಗಳ ಚಾಸಿಗೂ ಹೊಂದುವುದರಿಂದ ಮುಂದಿನ ಎರಡು ಚಕ್ರಗಳಿಗೆ ಡಿಸ್ಕ್ ಕೂರಿಸುವ ಕೆಲಸವನ್ನು ಮೊದಲೇ ಮುಗಿಸಿಕೊಂಡಿದ್ದೆ. ಅಲ್ಲಿಂದಲೇ ಹೊಸ ತೊಡಕು ಶುರುವಾಯಿತು. ಡ್ರಮ್ ಬ್ರೇಕಿನ ಶೂ ತಿರುಗುವ ಡ್ರಮ್ಮಿನ ಜೊತೆ ತಾನೇ ಎಳೆದುಕೊಂಡು ಒತ್ತಡವನ್ನು ಹೆಚ್ಚಿಸಿಕೊಳ್ಳುತ್ತದೆ. ಡಿಸ್ಕಿಗೆ ಆ ಗುಣವಿಲ್ಲ, ಅದಕ್ಕೆ ಬೇಕಾದ ಬಲವನ್ನೆಲ್ಲ ಬ್ರೇಕ್ ಆಯಿಲ್ ಮೂಲಕವೇ ಕಳುಹಿಸಬೇಕು. ಹೀಗಾಗಿ ಡಿಸ್ಕ್ ಹಾಕಿದ ಮೇಲೆ ಬ್ರೇಕ್ ನಂಬಿಕೆಗೆ ಅರ್ಹವಾಯಿತು, ಆದರೆ ಪೆಡಲ್ ಕಲ್ಲಿನಷ್ಟು ಗಟ್ಟಿಯಾಯಿತು.

ಕಾಲಿನ ಬಲಕ್ಕೆ ನೆರವು ಸೇರಿಸುವ ಬೂಸ್ಟರ್ ಬೇಕೆಂಬುದರಲ್ಲಿ ಅನುಮಾನವಿರಲಿಲ್ಲ. ಯಾವ ಬಗೆಯದು ಎಂಬುದಷ್ಟೇ ಪ್ರಶ್ನೆ. ರೂಢಿಯಲ್ಲಿರುವ ವ್ಯಾಕ್ಯೂಮ್ ಬೂಸ್ಟರ್ ಎಂಜಿನ್ನಿನ ಇನ್‌ಟೇಕ್ ಮ್ಯಾನಿಫೋಲ್ಡಿನ ನಿರ್ವಾತಕ್ಕೂ ಹೊರಗಿನ ಗಾಳಿಗೂ ಇರುವ ಒತ್ತಡದ ವ್ಯತ್ಯಾಸದಿಂದ ಕೆಲಸ ಮಾಡುತ್ತದೆ. ಅದು ನೆಮ್ಮದಿಯಾಗಿ ದುಡಿಯಲು ಪಾದರಸದ 18 ಇಂಚಿನಷ್ಟು, ಅಂದರೆ ಸುಮಾರು 61 ಕಿಲೋಪ್ಯಾಸ್ಕಲ್ ನಿರ್ವಾತ ಬೇಕು. ಈ ಗಾಡಿಯ 350 ಘನ ಇಂಚಿನ ವಿ8 ಎಂಜಿನ್ನಿಗೆ ಹಿಂದೆಂದೋ ವಾಲ್ವುಗಳನ್ನು ತೆರೆಯುವ ದೊಡ್ಡ ಕ್ಯಾಮ್‌ಶಾಫ್ಟ್ ಹಾಕಲಾಗಿದ್ದು, ಐಡಲ್‌ನಲ್ಲಿ (ನಿಂತ ಗಾಡಿಯಲ್ಲಿ ಎಂಜಿನ್ ಮೆಲ್ಲಗೆ ಓಡುವಾಗ) ಗೇಜು 11 ಇಂಚಿನ ಆಸುಪಾಸಿನಲ್ಲೇ ಓಲಾಡುತ್ತದೆ. ಅದು 37 ಕಿಲೋಪ್ಯಾಸ್ಕಲ್. ನೆರವು ಐದರಲ್ಲಿ ಮೂರು ಪಾಲಿಗೆ ಇಳಿಯುತ್ತದೆ, ಅದೂ ನಿಧಾನ ಗತಿಯಲ್ಲಿ ಗಾಡಿಯನ್ನು ತಿರುಗಿಸಿ ನಿಲ್ಲಿಸುವಾಗ, ಅಂದರೆ ಹೆಚ್ಚು ಬೇಕಾದ ಹೊತ್ತಿನಲ್ಲೇ. ವ್ಯಾಕ್ಯೂಮ್ ಪಂಪ್ ಜೋಡಿಸಿದರೆ ಆ ಕೊರತೆ ನೀಗುತ್ತದೆ, ಆದರೆ ಪಂಪು, ತೊಟ್ಟಿ, ಹೋಸ್, ಒತ್ತಡದ ಸ್ವಿಚ್ಚು ಹೀಗೆ ಕೆಡಬಲ್ಲ ವಸ್ತುಗಳ ಸಾಲು ಬೆಳೆಯುತ್ತದೆ. ಪವರ್ ಸ್ಟಿಯರಿಂಗ್ ಪಂಪಿನ ಒತ್ತಡ ಬಳಸುವ ಹೈಡ್ರೊಬೂಸ್ಟ್ ಬಹಳ ಬಲಿಷ್ಠ ಏರ್ಪಾಡು. ಪವರ್ ಸ್ಟಿಯರಿಂಗ್ ಇಲ್ಲದ ಈ ಗಾಡಿಗೆ ಅದಕ್ಕಾಗಿ ಪಂಪು ಹಾಕುವುದು ಅತಿಯಾಯಿತು. ಉಳಿದದ್ದು ವಿದ್ಯುತ್ ಮೋಟಾರಿನ ಬೂಸ್ಟರ್.

ಬಾಷ್ ಕಂಪನಿಯ ಐಬೂಸ್ಟರ್ 2013ರಿಂದ ವಿದ್ಯುತ್ ಮತ್ತು ಹೈಬ್ರಿಡ್ ಕಾರುಗಳಲ್ಲಿ ಬರುತ್ತಿದೆ. ಪೆಡಲಿನ ಸರಳು ಎಷ್ಟು ಒಳಸರಿಯಿತು ಎಂಬುದನ್ನು ಅದರೊಳಗಿನ ಸೆನ್ಸರ್ ಅಳೆಯುತ್ತದೆ, ಮೋಟಾರು ಗೇರುಗಳ ಮೂಲಕ ಮಾಸ್ಟರ್ ಸಿಲಿಂಡರಿನ ಪಿಸ್ಟನ್ನನ್ನು ತಳ್ಳುತ್ತದೆ, ಮತ್ತು ಕರೆಂಟು ಹೋದರೂ ಚಾಲಕನ ಕಾಲಿನ ಬಲ ಅದೇ ಸರಳಿನ ಮೂಲಕ ಪಿಸ್ಟನ್ನಿಗೆ ನೇರವಾಗಿ ತಲುಪುತ್ತದೆ. ಈ ಕೊನೆಯ ಗುಣವೊಂದು ಇಲ್ಲದಿದ್ದರೆ ನಾನು ಇದರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಕಾರಿನ ಕಂಪ್ಯೂಟರ್ ಜಾಲದ ಸಂದೇಶಗಳು ಸಿಗದಿದ್ದರೆ ಇದು ತನ್ನೊಳಗಿನ ಸಿದ್ಧ ಲೆಕ್ಕಕ್ಕೆ ಮರಳಿ ಸ್ವತಂತ್ರವಾಗಿ ನೆರವು ಕೊಡುತ್ತದೆ. ಹಳೆಯ ಗಾಡಿಗಳಲ್ಲಿ ಇದನ್ನು ಬಳಸಲು ಸಾಧ್ಯವಾಗಿರುವುದು ಆ ಕಾರಣಕ್ಕೆ. ನಾನು ಕೊಂಡದ್ದು ಜಖಂಗೊಂಡ ಹೈಬ್ರಿಡ್ ಕಾರೊಂದರಿಂದ ಬಿಚ್ಚಿದ್ದು. ಹಾಗೆ ಕೊಳ್ಳುವವರು ಮೊದಲು ನೋಡಬೇಕಾದದ್ದು ಪೆಡಲ್ ಕಡೆಯ ಸರಳು ನೆಟ್ಟಗಿದೆಯೇ, ಹಿಂಬದಿಯ ಸ್ಟಡ್‌ಗಳು ಬಾಗಿವೆಯೇ ಎಂಬುದನ್ನು. ಮುಂದಿನಿಂದ ಗುದ್ದಿಸಿಕೊಂಡ ಕಾರಿನಲ್ಲಿ ಪೆಟ್ಟು ಬೀಳುವುದು ಅಲ್ಲಿಗೇ. ಕನೆಕ್ಟರನ್ನು ಕನಿಷ್ಠ ಒಂದಡಿ ವೈರಿನೊಡನೆ ಕತ್ತರಿಸಿಕೊಡುವಂತೆ ಕೇಳುವುದೂ ಒಳ್ಳೆಯದು, ಏಕೆಂದರೆ ಅದರ ದಪ್ಪ ಪಿನ್ನುಗಳು ಬಿಡಿಯಾಗಿ ಸುಲಭವಾಗಿ ಸಿಗುವುದಿಲ್ಲ.

ಮೊದಲು ಕರೆಂಟಿನ ಬೆನ್ನೆಲುಬು

ಬ್ರೇಕಿನ ಕೆಲಸವನ್ನು ಬ್ಯಾಟರಿಯಿಂದ ಆರಂಭಿಸಿದ್ದು ಕೆಲವರಿಗೆ ವಿಚಿತ್ರವೆನಿಸಬಹುದು. ಬೂಸ್ಟರ್ ವಿದ್ಯುತ್ತಿನದಾದ ಮೇಲೆ ಗಾಡಿಯ ವೈರಿಂಗ್ ಕೂಡ ಬ್ರೇಕಿನ ಒಂದು ಭಾಗವೇ ಆಗುತ್ತದೆ. ಐವತ್ತು ವರ್ಷ ದಾಟಿದ, ಹೊದಿಕೆ ಒಣಗಿ ಬಿರಿದ ವೈರುಗಳ ಮೇಲೆ ಅದನ್ನು ನಿಲ್ಲಿಸುವುದು ತುಕ್ಕು ಹಿಡಿದ ಬ್ರೇಕ್ ಪೈಪನ್ನು ಹಾಗೇ ಉಳಿಸಿಕೊಳ್ಳುವುದಕ್ಕೆ ಸಮ. ಪವರ್ ಕಿಟಕಿ, ಲಾಕುಗಳೂ ಇದೇ ಬಾರಿ ಸೇರಲಿದ್ದುದರಿಂದ ಒಂದು ನಿಯಮವನ್ನು ಹಾಕಿಕೊಂಡೆ: ಬೂಸ್ಟರಿನ ಪ್ಲಸ್ ಮತ್ತು ಅರ್ತ್ ಎರಡೂ ಬ್ಯಾಟರಿಯ ತುದಿಗಳಿಂದಲೇ ಹೊರಡಬೇಕು, ದಾರಿಯಲ್ಲಿ ಬೇರೆ ಯಾವ ಸಲಕರಣೆಯೂ ಆ ವೈರಿಗೆ ಕವಲು ಹಾಕಬಾರದು. ಕಿಟಕಿಯ ಮೋಟಾರು ಸಿಕ್ಕಿಹಾಕಿಕೊಂಡು ಫ್ಯೂಸ್ ಸುಟ್ಟರೆ ಹೋಗುವುದು ಕಿಟಕಿ ಮಾತ್ರ ಆಗಿರಬೇಕು.

ಬ್ಯಾಟರಿಗೆ ಚಾರ್ಜ್ ಕೊಡುವ ಆಲ್ಟರ್ನೇಟರಿನ ಲೆಕ್ಕವನ್ನು ಕಾಗದದ ಮೇಲೆ ಬರೆದು ನೋಡಿದಾಗ ಹಳೆಯದನ್ನು ಉಳಿಸಿಕೊಳ್ಳುವ ಆಸೆ ಕೈಬಿಟ್ಟಿತು. ಇದರಲ್ಲಿದ್ದದ್ದು ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಹೊರಗಿರುವ, 37 ಆಂಪಿಯರಿನ ಡೆಲ್ಕೊಟ್ರಾನ್ ಆಲ್ಟರ್ನೇಟರ್. ಇಗ್ನಿಷನ್ನಿಗೆ 4, ಹೆಡ್‌ಲೈಟಿಗೆ 9, ಹಿಂದಿನ ಮತ್ತು ಡ್ಯಾಶಿನ ದೀಪಗಳಿಗೆ 5, ಹೀಟರ್ ಬ್ಲೋವರಿಗೆ 9 ಎಂದರೆ ಕಿಟಕಿ ಮುಟ್ಟುವ ಮೊದಲೇ 27 ಆಂಪಿಯರ್ ಆಯಿತು. ಎರಡು ಕಿಟಕಿಗಳು ಒಟ್ಟಿಗೆ ಏರಿದರೆ ಇನ್ನೊಂದು 16. ಬೂಸ್ಟರ್ ಸುಮ್ಮನಿರುವಾಗ ಹೆಚ್ಚು ಎಳೆಯುವುದಿಲ್ಲ, ಆದರೆ ಪೆಡಲನ್ನು ರಭಸದಿಂದ ಒತ್ತಿದ ಕ್ಷಣದಲ್ಲಿ 40 ಆಂಪಿಯರಿನವರೆಗೂ ಕೇಳಬಲ್ಲದೆಂದು ಇಟ್ಟುಕೊಳ್ಳಬೇಕು. ಅಂಥ ಕ್ಷಣಿಕ ಬೇಡಿಕೆಯನ್ನು ಬ್ಯಾಟರಿ ಪೂರೈಸುತ್ತದೆ, ನಿಜ. ಆದರೆ ಐಡಲ್‌ನಲ್ಲಿ ತನ್ನ ಅಂಕಿತ ಸಾಮರ್ಥ್ಯದ ಸಣ್ಣ ಪಾಲನ್ನಷ್ಟೇ ಕೊಡುವ ಹಳೆಯ ಆಲ್ಟರ್ನೇಟರ್ ಆ ಬ್ಯಾಟರಿಯನ್ನು ದಟ್ಟಣೆಯ ರಸ್ತೆಯಲ್ಲಿ ದಿನವೂ ಸ್ವಲ್ಪ ಸ್ವಲ್ಪ ಬರಿದು ಮಾಡುತ್ತಾ ಹೋಗುತ್ತದೆ. ಒಳಗೇ ರೆಗ್ಯುಲೇಟರ್ ಇರುವ, 100 ಆಂಪಿಯರ್ ದರ್ಜೆಯ ಆಲ್ಟರ್ನೇಟರನ್ನು ಹಳೆಯ ಬ್ರಾಕೆಟ್ಟಿನ ಮೇಲೆಯೇ ಕೂರಿಸಿ, ಅದರಿಂದ ಬ್ಯಾಟರಿಗೆ 16 ಚದರ ಮಿ.ಮೀ. ವೈರನ್ನು 125 ಆಂಪಿಯರಿನ ಬೋಲ್ಟ್ ಫ್ಯೂಸಿನ ಮೂಲಕ ಎಳೆದೆ. ಹಳೆಯ ಹೊರಗಿನ ರೆಗ್ಯುಲೇಟರಿನ ಡಬ್ಬವನ್ನು ನೋಟಕ್ಕೆಂದು ಅಲ್ಲೇ ಬಿಟ್ಟಿದ್ದೇನೆ, ಒಳಗೆ ಯಾವ ಸಂಪರ್ಕವೂ ಇಲ್ಲ.

ಇಲ್ಲೊಂದು ಅಡ್ಡ ಪರಿಣಾಮವನ್ನು ಹೇಳಲೇಬೇಕು. ಈ ಗಾಡಿಗಳ ಡ್ಯಾಶಿನಲ್ಲಿರುವ ಬ್ಯಾಟರಿ ಗೇಜು ಪೂರ್ತಿ ಕರೆಂಟನ್ನು ತನ್ನೊಳಗೆ ಹರಿಸಿಕೊಳ್ಳುವುದಿಲ್ಲ. ವೈರಿಂಗಿನ ಒಂದು ತುಂಡಿನ ಎರಡು ಬದಿಯ ವೋಲ್ಟೇಜಿನ ಅಲ್ಪ ವ್ಯತ್ಯಾಸವನ್ನು ನೋಡಿ ಮುಳ್ಳು ಅಲ್ಲಾಡಿಸುತ್ತದೆ. ಚಾರ್ಜಿಂಗ್ ಕರೆಂಟಿಗೆ ಹೊಸ ದಾರಿ ಮಾಡಿಕೊಟ್ಟ ಮೇಲೆ ಹಳೆಯ ತುಂಡಿನಲ್ಲಿ ಏನೂ ಹರಿಯದೆ ಮುಳ್ಳು ಮಧ್ಯದಲ್ಲೇ ನಿಲ್ಲುತ್ತದೆ. ಅದರ ಬದಲು ಒಂದು ವೋಲ್ಟ್‌ಮೀಟರ್ ಹಾಕಿದೆ. ಬೂಸ್ಟರ್ ಇರುವ ಗಾಡಿಗೆ ತಿಳಿಯಬೇಕಾದದ್ದು ವೋಲ್ಟೇಜೇ ಹೊರತು ಆಂಪಿಯರ್ ಅಲ್ಲ.

ವೈರಿನ ದಪ್ಪದ ಬಗ್ಗೆ ಅಂದಾಜಿನ ಮಾತು ಬಹಳ ಓಡಾಡುವುದರಿಂದ ಲೆಕ್ಕವನ್ನೇ ಕೊಡುತ್ತೇನೆ. ಒಂದು ಚದರ ಮಿ.ಮೀ. ತಾಮ್ರದ ವೈರಿಗೆ ಮೀಟರಿಗೆ ಸುಮಾರು 0.0175 ಓಮ್ ರೋಧ. ಬ್ಯಾಟರಿಯಿಂದ ಬೂಸ್ಟರಿಗೆ ಹೋಗಿ ಬರುವ ದೂರ 5 ಮೀಟರ್. 2.5 ಚದರ ಮಿ.ಮೀ. ವೈರಿನಲ್ಲಿ 40 ಆಂಪಿಯರ್ ಹರಿದಾಗ ದಾರಿಯಲ್ಲೇ 1.4 ವೋಲ್ಟ್ ಕಳೆದುಹೋಗುತ್ತದೆ. 6 ಚದರ ಮಿ.ಮೀ. ಆದರೆ 0.58, 10 ಆದರೆ 0.35. ನಾನು 10ನ್ನೇ ಆರಿಸಿಕೊಂಡೆ, ಬ್ಯಾಟರಿಯಿಂದ ಒಂದು ಗೇಣಿನೊಳಗೆ 40 ಆಂಪಿಯರಿನ, ನಿಧಾನವಾಗಿ ಸುಡುವ ಬಗೆಯ ಫ್ಯೂಸ್ ಇಟ್ಟೆ, ಅರ್ತ್ ವೈರನ್ನು ಫೆಂಡರಿನ ತಗಡಿಗೆ ಕಟ್ಟದೆ ಬ್ಯಾಟರಿಯ ಮೈನಸ್ ತುದಿಗೇ ತಂದೆ. ಎಂಜಿನ್, ಚಾಸಿ, ಕ್ಯಾಬಿನ್ ಈ ಮೂರನ್ನೂ ಬೇರೆ ಬೇರೆ ಹೆಣಿಗೆ ಪಟ್ಟಿಗಳಿಂದ ಜೋಡಿಸಿ, ಪಟ್ಟಿ ಕೂರುವ ಜಾಗದಲ್ಲಿ ಬಣ್ಣ ಕೆರೆದು ಹೊಳೆಯುವ ಲೋಹ ಕಾಣಿಸಿ, ಬಿಗಿದ ಮೇಲೆ ಗ್ರೀಸ್ ಬಳಿದೆ.

ಐಬೂಸ್ಟರ್ ತನ್ನ ದೋಷಗಳನ್ನು ಕಾರಿನ ಕಂಪ್ಯೂಟರಿಗೆ ಹೇಳುತ್ತದೆ. ಇಲ್ಲಿ ಕೇಳುವವರೇ ಇಲ್ಲ. ಹಾಗಾಗಿ ಎಚ್ಚರಿಕೆಯ ದೀಪವನ್ನು ನಾವೇ ಮಾಡಿಕೊಳ್ಳಬೇಕು. ಫ್ಯೂಸ್ ದಾಟಿದ ಮೇಲೆ, ಬೂಸ್ಟರಿನ ಕನೆಕ್ಟರಿಗೆ ಆದಷ್ಟು ಹತ್ತಿರದಿಂದ ಒಂದು ಸಣ್ಣ ರಿಲೇಯ (ಕರೆಂಟಿನಿಂದ ಆಡುವ ಸ್ವಿಚ್ಚು) ಕಾಯಿಲಿಗೆ ಕರೆಂಟು ಕೊಟ್ಟು, ಕಾಯಿಲ್ ಸತ್ತಾಗ ಕೂಡುವ ಬದಿಗೆ ಕೆಂಪು ದೀಪವನ್ನೂ ಬಜರನ್ನೂ ಜೋಡಿಸಿದೆ. ಆ ಕಾಯಿಲಿನ ಅರ್ತ್ ದಾರಿಯನ್ನು ಕೀಲಿ ಹಾಕಿದಾಗ ಮಾತ್ರ ಕೂಡುವ ಇನ್ನೊಂದು ರಿಲೇಯಿಂದ ಹಾಯಿಸಿರುವುದರಿಂದ, ನಿಂತ ಗಾಡಿಯಲ್ಲಿ ಅದು ಬ್ಯಾಟರಿಯನ್ನು ತಿನ್ನುವುದಿಲ್ಲ. ಫ್ಯೂಸ್ ಸುಟ್ಟರೆ, ವೈರು ಕಡಿದರೆ, ದೀಪ ಉರಿಯುತ್ತದೆ. ಬೂಸ್ಟರಿನ ಒಳಗೇ ಏನಾದರೂ ಕೆಟ್ಟರೆ ಈ ದೀಪ ಹೇಳುವುದಿಲ್ಲ. ಅದನ್ನು ಹೇಳುವುದು ಗಟ್ಟಿಯಾದ ಪೆಡಲೇ.

ಪೆಡಲಿನ ಅನುಪಾತ

ಈ ಇಡೀ ಕೆಲಸದಲ್ಲಿ ಹೆಚ್ಚು ಯೋಚನೆ ಬೇಡಿದ ಭಾಗ ಇದು, ಮತ್ತು ಕಿಟ್ಟುಗಳ ಸೂಚನಾ ಹಾಳೆಗಳಲ್ಲಿ ಎರಡು ಸಾಲಿಗೆ ಮುಗಿದುಹೋಗುವುದೂ ಇದೇ. ಪೆಡಲಿನ ತಿರುಗಣೆ ಪಿನ್ನಿನಿಂದ ಪಾದ ಊರುವ ಪ್ಯಾಡಿನ ನಡುವಿಗೆ 330 ಮಿ.ಮೀ., ಅದೇ ಪಿನ್ನಿನಿಂದ ಪುಶ್‌ರಾಡ್ (ಮಾಸ್ಟರ್ ಸಿಲಿಂಡರಿನ ಕಡೆಗೆ ತಳ್ಳುವ ಸರಳು) ಸಿಕ್ಕಿಸುವ ರಂಧ್ರಕ್ಕೆ 54 ಮಿ.ಮೀ. ಇತ್ತು, ಭಾಗಿಸಿದರೆ 6.1. ಬೂಸ್ಟರ್ ಇಲ್ಲದ ಬ್ರೇಕಿಗೆ ಆರರ ಆಸುಪಾಸು ಸರಿಯಾದ ಅನುಪಾತ. ವ್ಯಾಕ್ಯೂಮ್ ಬೂಸ್ಟರ್ ಇರುವ ಗಾಡಿಗಳಲ್ಲಿ ಇದು ನಾಲ್ಕು ಅಥವಾ ನಾಲ್ಕೂವರೆಗೆ ಇಳಿದಿರುತ್ತದೆ. ಆರನ್ನೇ ಉಳಿಸಿಕೊಂಡು ಬೂಸ್ಟರ್ ಹಾಕಿದರೆ ಬೆರಳು ತಗುಲಿದಷ್ಟಕ್ಕೇ ಬ್ರೇಕ್ ಕಚ್ಚುವ, ಪೆಡಲ್ ಬಹಳ ದೂರ ಇಳಿಯುವ, ನಿಯಂತ್ರಣವಿಲ್ಲದ ಏರ್ಪಾಡಾಗುತ್ತದೆ. ಹಾಗೆಂದು ನಾಲ್ಕಕ್ಕೆ ಇಳಿಸಿದರೆ ಕರೆಂಟು ಹೋದ ದಿನ ಏನಾಗುತ್ತದೆ ಎಂಬುದನ್ನೂ ನೋಡಬೇಕಲ್ಲ.

ಮಾಸ್ಟರ್ ಸಿಲಿಂಡರಿನ ಒಳವ್ಯಾಸ ಒಂದು ಇಂಚು ಎಂದು ಇಟ್ಟುಕೊಂಡರೆ ಅದರ ವಿಸ್ತೀರ್ಣ 507 ಚದರ ಮಿ.ಮೀ. ಗಾಬರಿಯಲ್ಲಿ ಒಬ್ಬ ಸಾಮಾನ್ಯ ಮನುಷ್ಯ ಪೆಡಲಿನ ಮೇಲೆ 50 ಕೆ.ಜಿ. ಬಲ ಹಾಕುತ್ತಾನೆ ಎಂದುಕೊಳ್ಳೋಣ, ಅದು 490 ನ್ಯೂಟನ್. ಬೂಸ್ಟರಿನ ನೆರವಿಲ್ಲದೆ 6.1ರ ಅನುಪಾತದಲ್ಲಿ 59 ಬಾರ್ ಒತ್ತಡ ಹುಟ್ಟುತ್ತದೆ, 4.2ರಲ್ಲಿ 40 ಬಾರ್ ಮಾತ್ರ. ಡಿಸ್ಕ್ ಬ್ರೇಕ್ ಗಟ್ಟಿಯಾಗಿ ಹಿಡಿಯಲು 55ರಿಂದ 80 ಬಾರ್ ಬೇಕಾಗುವುದರಿಂದ 40 ಬಾರ್ ಎಂದರೆ ಗಾಡಿ ನಿಲ್ಲುತ್ತದೆ, ಆದರೆ ನಾವು ಅಂದುಕೊಂಡ ಜಾಗದಲ್ಲಲ್ಲ. ನಡುವಿನ ದಾರಿಯಾಗಿ 5.0 ಅನ್ನು ಆರಿಸಿಕೊಂಡೆ. ಕರೆಂಟಿಲ್ಲದಾಗ 48 ಬಾರ್ ಸಿಗುತ್ತದೆ, ಕರೆಂಟಿರುವಾಗ ಪೆಡಲ್ ಅತಿಯಾಗಿ ಹಗುರವೂ ಆಗುವುದಿಲ್ಲ. ಸಿಲಿಂಡರಿನ ವ್ಯಾಸ ಕಿರಿದಾದಷ್ಟೂ ಒತ್ತಡ ಹೆಚ್ಚುತ್ತದೆ. ಹದಿನಾರನೇ ಹದಿನೈದು ಇಂಚಿನ ಸಿಲಿಂಡರಿನಲ್ಲಿ ಇದೇ ಲೆಕ್ಕ 55 ಬಾರ್ ಕೊಡುತ್ತದೆ. ಆದರೆ ಅದಕ್ಕೆ ತೆರಬೇಕಾದ ಬೆಲೆ ಪೆಡಲಿನ ಓಟ.

ಆ ಓಟವನ್ನೂ ಅಳೆದು ನೋಡಿದೆ. ಮುಂದಿನ ಕ್ಯಾಲಿಪರಿನ ಒಂಟಿ ಪಿಸ್ಟನ್ನಿನ ವ್ಯಾಸ ಸುಮಾರು 75 ಮಿ.ಮೀ., ವಿಸ್ತೀರ್ಣ 44 ಚದರ ಸೆಂ.ಮೀ. ಪ್ಯಾಡು ಡಿಸ್ಕನ್ನು ಮುಟ್ಟಿ ಬಿಗಿಯಲು ಪಿಸ್ಟನ್ 0.3 ಮಿ.ಮೀ. ಸರಿದರೆ ಎರಡು ಕ್ಯಾಲಿಪರುಗಳಿಗೆ 2.6 ಮಿ.ಲೀ. ಬ್ರೇಕ್ ಆಯಿಲ್ ಬೇಕು, ಅದಕ್ಕೆ ಮಾಸ್ಟರ್ ಸಿಲಿಂಡರ್ 5.2 ಮಿ.ಮೀ. ಚಲಿಸಬೇಕು, ಪಾದದ ಬಳಿ ಅದು 26 ಮಿ.ಮೀ. ಆಗುತ್ತದೆ. ಹಿಂದಿನ ಡ್ರಮ್ಮುಗಳ ಪಾಲು ಇದರ ಮೇಲೆ ಸೇರುತ್ತದೆ. ಡ್ರಮ್ಮಿನ ಶೂಗಳನ್ನು ಸರಿಯಾಗಿ ಅಡ್ಜಸ್ಟ್ ಮಾಡದೆ ಬೂಸ್ಟರನ್ನು ದೂರುವವರು ಈ ಸೇರ್ಪಡೆಯನ್ನು ಮರೆತಿರುತ್ತಾರೆ.

ಐದರ ಅನುಪಾತಕ್ಕೆ ರಂಧ್ರ ತಿರುಗಣೆಯಿಂದ 66 ಮಿ.ಮೀ. ಕೆಳಗಿರಬೇಕು, ಅಂದರೆ ಹಳೆಯದಕ್ಕಿಂತ 12 ಮಿ.ಮೀ. ಕೆಳಗೆ. ಹತ್ತು ಮಿ.ಮೀ. ರಂಧ್ರಗಳೆರಡು ಅಷ್ಟು ಹತ್ತಿರ ಬಂದರೆ ನಡುವೆ ಉಳಿಯುವುದು 2 ಮಿ.ಮೀ. ಲೋಹ; ಬ್ರೇಕ್ ಪೆಡಲಿನಲ್ಲಿ ಅದನ್ನು ಒಪ್ಪಲಾಗದು. ಹಳೆಯ ರಂಧ್ರವನ್ನು ವೆಲ್ಡಿಂಗಿನಿಂದ ತುಂಬಿ ನುಣುಪು ಮಾಡಿ, ಪೆಡಲ್ ತೋಳಿನ ಎರಡೂ ಮಗ್ಗುಲಿಗೆ 6 ಮಿ.ಮೀ. ಉಕ್ಕಿನ ಕೆನ್ನೆಪಟ್ಟಿ ಬೆಸೆದು, ಆಮೇಲೆ ಮೂರನ್ನೂ ಒಟ್ಟಿಗೆ ಕೊರೆದು ರೀಮರ್ ಹಾಯಿಸಿದೆ. ವೆಲ್ಡಿಂಗಿನಲ್ಲಿ ಕೈ ಪಳಗದವರು ಈ ಒಂದು ಕೆಲಸವನ್ನು ಬಲ್ಲವರಿಗೆ ಒಪ್ಪಿಸುವುದು ವಿವೇಕ.

ಕೂರಿಸುವುದು, ಪೈಪು, ಗಾಳಿ ತೆಗೆಯುವುದು

ಎಂಜಿನ್ ಕೋಣೆಗೂ ಕ್ಯಾಬಿನ್ನಿಗೂ ನಡುವಿನ ತಗಡಿನ ಗೋಡೆಯ ಮೇಲಿನ ರಂಧ್ರಗಳಿಗೂ ಬೂಸ್ಟರಿನ ಸ್ಟಡ್‌ಗಳಿಗೂ ಹೊಂದಾಣಿಕೆ ಇಲ್ಲ. ರಟ್ಟಿನಲ್ಲಿ ಅಚ್ಚು ಮಾಡಿಕೊಂಡು, ಅದರಂತೆ 6 ಮಿ.ಮೀ. ಉಕ್ಕಿನ ಎರಡು ಹಲಗೆ ಕತ್ತರಿಸಿ, ನಡುವೆ ತುಂಡುಗಳನ್ನು ಬೆಸೆದು ಬೆಣೆಯಾಕಾರದ ಬ್ರಾಕೆಟ್ ಮಾಡಿದೆ. ಪುಶ್‌ರಾಡಿನ ರಂಧ್ರ ಕೆಳಗಿಳಿದಿರುವುದರಿಂದ ಬೂಸ್ಟರಿನ ಮೂತಿ ಸ್ವಲ್ಪ ಮೇಲೆದ್ದರೆ ಸರಳು ಓಟದ ನಡುವೆ ನೇರವಾಗಿ ತಳ್ಳುತ್ತದೆ. ಎತ್ತರ ಹೆಚ್ಚಾದರೆ ಆಯಿಲ್ ಡಬ್ಬದ ಹಿಂಬದಿ ಓರೆಯಾಗಿ ಒಂದು ಕೋಣೆಯ ಬಾಯಿಗೆ ಗಾಳಿ ಸಿಗಬಹುದು, ಆದ್ದರಿಂದ ಡಬ್ಬ ನೆಟ್ಟಗೆ ನಿಲ್ಲುವುದನ್ನೂ ನೋಡಿಕೊಳ್ಳಬೇಕು. ಪೆಡಲಿನ 50 ಕೆ.ಜಿ. ಗೋಡೆಯ ಬಳಿ 250 ಕೆ.ಜಿ. ಆಗುತ್ತದೆ, ಹಾಗಾಗಿ ಒಳಬದಿಯಲ್ಲೂ ಒಂದು ಆಧಾರದ ಹಲಗೆ ಹಾಕಿ ಪೆಡಲ್ ಚೌಕಟ್ಟಿನೊಡನೆ ಬೋಲ್ಟು ಬಿಗಿದೆ. ತಮ್ಮನನ್ನು ಕೂರಿಸಿ ಪೆಡಲನ್ನು ಬಲವಾಗಿ ಒತ್ತಿಸಿದಾಗ ಬ್ರಾಕೆಟ್ಟಿನ ಅಂಚಿಗೆ ಹಿಡಿದ ಡಯಲ್ ಗೇಜಿನ ಮುಳ್ಳು ಕದಲಿದ್ದು ಅರ್ಧ ಮಿ.ಮೀ.ಗೂ ಕಡಿಮೆ. ಆಧಾರವಿಲ್ಲದ ಬರಿಯ ತಗಡು ಎಷ್ಟು ಬಾಗುತ್ತದೆಂದು ಕಂಡವರಿಗೆ ಈ ಸಂಖ್ಯೆಯ ಬೆಲೆ ಗೊತ್ತು. ಎಕ್ಸಾಸ್ಟ್ ಕೊಳವೆಯ ಬಿಸಿ ಮೋಟಾರಿಗೆ ತಗುಲದಂತೆ ಅಲ್ಯೂಮಿನಿಯಮ್ ತಗಡೊಂದನ್ನು ಅಡ್ಡ ಕಟ್ಟಿದೆ.

ಪುಶ್‌ರಾಡಿನ ಉದ್ದದಲ್ಲಿ ಆತುರ ಪಡಬಾರದು. ಪೆಡಲನ್ನು ಬಿಟ್ಟಾಗ ಬೂಸ್ಟರಿನ ಸರಳು ಪೂರ್ತಿ ಹಿಂದಕ್ಕೆ ಬಂದಿರಬೇಕು. ಅರ್ಧ ಮಿ.ಮೀ. ಒತ್ತಿ ಹಿಡಿದಿದ್ದರೂ ಸೆನ್ಸರ್ ಅದನ್ನು ಚಾಲಕನ ಅಪೇಕ್ಷೆ ಎಂದೇ ತಿಳಿಯುತ್ತದೆ, ಮಾಸ್ಟರ್ ಸಿಲಿಂಡರಿನಿಂದ ಡಬ್ಬಕ್ಕೆ ಆಯಿಲ್ ಮರಳುವ ಸಣ್ಣ ದಾರಿಯೂ ಮುಚ್ಚಿರುತ್ತದೆ, ಬ್ರೇಕ್ ಬಿಸಿಯಾದಂತೆ ತಾನೇ ಕಚ್ಚಿಕೊಳ್ಳುತ್ತದೆ. ಬ್ರೇಕ್ ಲೈಟಿನ ಸ್ವಿಚ್ಚಿನ ಸ್ಪ್ರಿಂಗೂ ಪೆಡಲನ್ನು ತಳ್ಳುತ್ತಿರಬಾರದು. ಆ ಹಳೆಯ ಸ್ವಿಚ್ಚನ್ನು ಉಳಿಸಿಕೊಳ್ಳಲೇಬೇಕು, ಏಕೆಂದರೆ ಒಂಟಿಯಾಗಿ ಓಡುವ ಐಬೂಸ್ಟರಿನಿಂದ ಬ್ರೇಕ್ ಲೈಟಿಗೆ ನೇರ ಸಂಪರ್ಕ ಸಿಗುವುದಿಲ್ಲ.

ಪೈಪಿನ ಕೊನೆಗಳಲ್ಲಿ ಎರಡು ಕಾಲಮಾನಗಳು ಎದುರಾಗುತ್ತವೆ. ಹಳೆಯ ಗಾಡಿಯದ್ದು ಇಂಚಿನ ಎಳೆ, ಒಳಮಡಿಸಿದ ಇಮ್ಮಡಿ ಫ್ಲೇರ್ (ಸೋರದಂತೆ ಕೂರಲು ಅಗಲಿಸಿದ ಪೈಪಿನ ತುದಿ). ಹೊಸ ಮಾಸ್ಟರ್ ಸಿಲಿಂಡರಿನದ್ದು ಮೆಟ್ರಿಕ್ ಎಳೆ, ಗುಳ್ಳೆಯಾಕಾರದ ಫ್ಲೇರ್. ಒಂದರ ಕುಳಿಯಲ್ಲಿ ಇನ್ನೊಂದನ್ನು ಬಿಗಿದರೆ ಬಿಗಿದಂತೆ ಕಾಣುತ್ತದೆ, ಒತ್ತಡ ಬಂದಾಗ ಸೋರುತ್ತದೆ. ತಾಮ್ರ-ನಿಕಲ್ ಮಿಶ್ರಲೋಹದ 4.75 ಮಿ.ಮೀ. ಪೈಪಿನ ಒಂದು ತುದಿಗೆ ಒಂದು ಬಗೆ, ಮತ್ತೊಂದು ತುದಿಗೆ ಇನ್ನೊಂದು ಬಗೆಯ ಫ್ಲೇರ್ ಮಾಡಿದರೆ ಅಡಾಪ್ಟರಿನ ಗೊಡವೆಯೇ ಇಲ್ಲ. ಜನರಲ್ ಮೋಟರ್ಸ್ 1967ರಿಂದಲೇ ಇಬ್ಭಾಗದ ಮಾಸ್ಟರ್ ಸಿಲಿಂಡರ್ ಕೊಟ್ಟಿದ್ದರಿಂದ ಈ ಗಾಡಿಯಲ್ಲಿ ಮುಂದಿನ ಹಾಗೂ ಹಿಂದಿನ ಬ್ರೇಕಿಗೆ ಬೇರೆ ಬೇರೆ ಪೈಪುಗಳೂ, ಒಂದರ ಒತ್ತಡ ಕುಸಿದರೆ ದೀಪ ಹೊತ್ತಿಸುವ ಸ್ವಿಚ್ಚೂ ಇವೆ. ಆ ಹಿತ್ತಾಳೆಯ ಕೂಡುದಾಣವನ್ನು ತೊಳೆದು ಮತ್ತೆ ಬಳಸಿದೆ. ಹಿಂದಿನ ಪೈಪಿನಲ್ಲಿ ಎರಡು ಹೊಸ ವಾಲ್ವುಗಳು ಸೇರಿದವು: ಡ್ರಮ್ಮಿಗಾಗಿ ಸುಮಾರು 0.7 ಬಾರ್ ಒತ್ತಡವನ್ನು ಹಿಡಿದಿಡುವ ರೆಸಿಡ್ಯುಯಲ್ ವಾಲ್ವ್, ಮತ್ತು ಕೈಯಿಂದ ತಿರುವಬಹುದಾದ ಪ್ರೊಪೋರ್ಷನಿಂಗ್ ವಾಲ್ವ್. ಖಾಲಿ ತೊಟ್ಟಿಯ ಪಿಕಪ್ಪಿನಲ್ಲಿ ಹಿಂಚಕ್ರದ ಮೇಲೆ ಭಾರ ಕಡಿಮೆ; ಬ್ರೇಕ್ ಜೋರಾದೊಡನೆ ಹಿಂಚಕ್ರ ಮೊದಲು ಕಚ್ಚಿ ಗಾಡಿ ಅಡ್ಡ ತಿರುಗುತ್ತದೆ. ಎರಡನೆಯ ವಾಲ್ವ್ ಇರುವುದು ಅದನ್ನು ತಡೆಯಲು.

ತುಂಬಿಸಿದ್ದು ಡಾಟ್ 4 ಬ್ರೇಕ್ ಆಯಿಲ್. ಅದರ ಕುದಿಬಿಂದು ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್, ನೀರು ಹೀರಿದ ಮೇಲೆ 155. ಹಳೆಯ ಗಾಡಿಗಳವರು ಬಣ್ಣ ಹಾಳಾಗದಿರಲೆಂದು ಇಷ್ಟಪಡುವ ಡಾಟ್ 5 ಸಿಲಿಕೋನ್ ಆಯಿಲನ್ನು ಇಂಥ ಆಧುನಿಕ ಸಿಲಿಂಡರಿಗೆ ಹಾಕಬಾರದು. ಗಾಳಿ ತೆಗೆಯುವಾಗ ಬೂಸ್ಟರಿನ ಕನೆಕ್ಟರನ್ನು ಕಳಚಿಟ್ಟೆ. ಮೋಟಾರು ನೆರವಿಗೆ ಬಂದರೆ ಪಿಸ್ಟನ್ ಒಮ್ಮೆಲೇ ತಳಕ್ಕೆ ಹಾರುತ್ತದೆ, ಬಳಸಿದ ಸಿಲಿಂಡರಿನ ತಳದಲ್ಲಿ ಕೂತಿರುವ ಕಿಲುಬು ರಬ್ಬರ್ ಸೀಲನ್ನು ಹರಿಯಬಹುದು. ಬಲ ಹಿಂದು, ಎಡ ಹಿಂದು, ಬಲ ಮುಂದು, ಎಡ ಮುಂದು ಎಂಬ ಕ್ರಮದಲ್ಲಿ, “ಒತ್ತು”, “ಹಿಡಿ”, “ಬಿಡು” ಎಂದು ತಮ್ಮನಿಗೆ ಹೇಳುತ್ತಾ, ಪ್ರತಿ ಬಾರಿಯೂ ಪೆಡಲನ್ನು ಅರ್ಧ ಓಟಕ್ಕಷ್ಟೇ ಇಳಿಸುತ್ತಾ ಮುಗಿಸಿದೆವು.

ಮುಂದಿನ ಕ್ಯಾಲಿಪರಿನ, ಗಾಳಿ ತೆಗೆಯುವ ನಿಪ್ಪಲ್ಲಿನ ಜಾಗಕ್ಕೆ ಒತ್ತಡದ ಗೇಜು ತಿರುಗಿಸಿ, ಪೆಡಲಿನ ಮೇಲೆ ಬಲ ಅಳೆಯುವ ಗೇಜು ಇಟ್ಟು ನೋಡಿದ್ದು ಹೀಗಿದೆ. ಕೀಲಿ ಹಾಕದೆ 50 ಕೆ.ಜಿ. ಒತ್ತಿದಾಗ 45 ಬಾರ್. ಲೆಕ್ಕದ 48ಕ್ಕೂ ಇದಕ್ಕೂ ಇರುವ ಅಂತರ ಸ್ಪ್ರಿಂಗು ಮತ್ತು ಸೀಲುಗಳ ತಿಕ್ಕಾಟದ್ದು. ಕೀಲಿ ಹಾಕಿ 15 ಕೆ.ಜಿ. ಒತ್ತಿದಾಗ 60 ಬಾರ್ ದಾಟಿತು. ಮೋಟಾರಿನ ಸಣ್ಣ ಗುಂಯ್ ಸದ್ದು ಕ್ಯಾಬಿನ್ನಿನಲ್ಲಿ ಕೇಳಿಸುತ್ತದೆ, ಎಂಜಿನ್ ಚಾಲೂ ಆದ ಮೇಲೆ ಇಲ್ಲ.

ಕಿಟಕಿ ಮತ್ತು ಲಾಕು

ಬ್ರೇಕಿನ ವೈರುಗಳಿಂದ ಬೇರೆಯಾಗಿ, ಬ್ಯಾಟರಿಯಿಂದ 60 ಆಂಪಿಯರಿನ ಫ್ಯೂಸಿನ ಮೂಲಕ ಇನ್ನೊಂದು ದಾರಿ ಹೊರಟು, ಕೀಲಿಯಿಂದ ಕೂಡುವ 70 ಆಂಪಿಯರಿನ ರಿಲೇ ದಾಟಿ, ಗ್ಲೋವ್ ಬಾಕ್ಸಿನ ಹಿಂದಿರುವ ಎಂಟು ಜಾಗದ ಫ್ಯೂಸ್ ಪೆಟ್ಟಿಗೆಗೆ ಬರುತ್ತದೆ. ಹಳೆಯ ಇಗ್ನಿಷನ್ ಸ್ವಿಚ್ಚು ಈಗ ರಿಲೇಯ ಕಾಯಿಲಿಗೆ ಬೇಕಾದ ಅಲ್ಪ ಕರೆಂಟನ್ನಷ್ಟೇ ಹೊರುತ್ತದೆ. ಹೆಡ್‌ಲೈಟಿಗೂ ಎರಡು ರಿಲೇ ಹಾಕಿದೆ. ಅಷ್ಟಕ್ಕೇ ದೀಪದ ಬೆಳಕು ಕಣ್ಣಿಗೆ ಕಾಣುವಷ್ಟು ಹೆಚ್ಚಿತು.

ಕಿಟಕಿಯ ಮೋಟಾರು ಕೊಳ್ಳುವ ಮೊದಲು ಕಿಟಕಿಯನ್ನೇ ರಿಪೇರಿ ಮಾಡಬೇಕು. ಕೈಯಿಂದ ತಿರುಗಿಸಿದಾಗ ಬಿಗಿಯಾಗಿರುವ ಗಾಜು ಮೋಟಾರಿಗೂ ಬಿಗಿಯೇ, ವ್ಯತ್ಯಾಸವೆಂದರೆ ಮೋಟಾರು ದೂರುವುದಿಲ್ಲ, ಬಿಸಿಯಾಗುತ್ತದೆ. ಗಾಜು ಜಾರುವ ತೋಡಿನ ಫೆಲ್ಟನ್ನು ಬದಲಿಸಿ, ಗಾಜನ್ನು ಏರಿಸಿ ಇಳಿಸುವ ರೆಗ್ಯುಲೇಟರಿನ ಹಲ್ಲು ಮತ್ತು ಉರುಳೆಗಳ ಹಳೆಯ ಗಟ್ಟಿ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆದು ಹೊಸದು ಹಚ್ಚಿ, ಸಣ್ಣ ತ್ರಿಕೋನ ಕಿಟಕಿಯ ಕಂಬವನ್ನು ಗಾಜಿಗೆ ಸಮಾನಾಂತರವಾಗಿ ಹೊಂದಿಸಿದೆ. ಒಂದೇ ಮೋಟಾರು, ಒಂದೇ ಬ್ಯಾಟರಿ: ಈ ಶುಚಿಗೆ ಮೊದಲು ಗಾಜು ಏರುವಾಗ 14 ಆಂಪಿಯರ್ ಎಳೆಯುತ್ತಿದ್ದದ್ದು ಆಮೇಲೆ 7ಕ್ಕೆ ಇಳಿಯಿತು. ಹಿಡಿಕೆಯ ಹಲ್ಲಿಗೆ ಸಿಕ್ಕಿಸುವ ಅಗ್ಗದ ಮೋಟಾರುಗಳ ಬದಲು ರೆಗ್ಯುಲೇಟರ್ ಸಮೇತ ಬದಲಾಗುವ ಜೋಡಣೆಯನ್ನು ಆರಿಸಿಕೊಂಡೆ. ಮೊದಲನೆಯದರಲ್ಲಿ ಬಾಗಿಲು ಬಡಿದಂತೆಲ್ಲ ಹಲ್ಲು ಸವೆಯುತ್ತದೆ.

ಗಾಜು ಮೇಲಿನ ಅಂಚಿಗೆ ತಗುಲಿ ನಿಂತಾಗ ಕರೆಂಟು 20 ದಾಟುವುದರಿಂದ ಪ್ರತಿ ಬಾಗಿಲಿಗೂ ತಾನೇ ಮರಳಿ ಕೂಡುವ 25 ಆಂಪಿಯರಿನ ಸರ್ಕ್ಯೂಟ್ ಬ್ರೇಕರ್ ಹಾಕಿದೆ. ಸ್ವಿಚ್ಚು ಒತ್ತದಿರುವಾಗ ಮೋಟಾರಿನ ಎರಡು ವೈರುಗಳೂ ಅರ್ತಿಗೆ ಕೂಡಿರಬೇಕು. ಒತ್ತಿದಾಗ ಒಂದು ಮಾತ್ರ ಪ್ಲಸ್ಸಿಗೆ ಹೊರಳುತ್ತದೆ. ಗಾಜನ್ನು ಏರಿಸಲು ಮೇಲಕ್ಕೆಳೆಯುವ ಬಗೆಯ ಸ್ವಿಚ್ಚನ್ನೇ ಕೊಳ್ಳಿ ಎಂದು ಒತ್ತಿ ಹೇಳುತ್ತೇನೆ. ಮಗು ಮೊಣಕಾಲೂರಿ ತಲೆ ಹೊರಗೆ ಹಾಕಿದಾಗ ಒತ್ತುವ ಸ್ವಿಚ್ಚು ಗಾಜನ್ನು ಏರಿಸಿಬಿಡುತ್ತದೆ, ಎಳೆಯುವ ಸ್ವಿಚ್ಚು ಹಾಗೆ ಮಾಡಲಾರದು.

ಬಾಗಿಲಿಗೆ ವೈರು ಹೋಗುವ ಜಾಗ ಎಲ್ಲರ ಕೈಯಲ್ಲೂ ಮೊದಲು ಕೆಡುವ ಜಾಗ. ಕಂಬದಲ್ಲಿಯೂ ಬಾಗಿಲಿನಲ್ಲಿಯೂ 20 ಮಿ.ಮೀ. ರಂಧ್ರಗಳನ್ನು ಎದುರುಬದುರು ಕೊರೆಯದೆ ಒಂದನ್ನು ಇನ್ನೊಂದಕ್ಕಿಂತ ಕೊಂಚ ಕೆಳಗೆ ಕೊರೆದೆ. ಆಗ ಬಾಗಿಲು ತೆರೆದಾಗ ವೈರಿನ ಕಟ್ಟು ಒಂದೇ ಬಿಂದುವಿನಲ್ಲಿ ಮಡಿಯದೆ ಉದ್ದಕ್ಕೂ ತಿರುಚಿಕೊಳ್ಳುತ್ತದೆ. ರಂಧ್ರದ ಅಂಚಿಗೆ ಪ್ರೈಮರ್ ಹಚ್ಚಿ, ರಬ್ಬರ್ ಕೊಳವೆ ಕೂರಿಸಿ, ಅದರೊಳಗೆ ಸಣ್ಣ ಎಳೆಗಳ ಸಿಲಿಕೋನ್ ಹೊದಿಕೆಯ ವೈರು ಹಾಯಿಸಿದೆ. ಆ ಕೊಳವೆಯ ಒಳಗೆ ಜೋಡಣೆಯ ಗಂಟು ಎಂದಿಗೂ ಇರಕೂಡದು.

ಸೆಂಟ್ರಲ್ ಲಾಕಿನ ಬಗ್ಗೆ ಹೇಳಬೇಕಾದದ್ದು ಸ್ವಲ್ಪ. ಲಾಕನ್ನು ಎಳೆದು ತಳ್ಳುವ ಸಣ್ಣ ಮೋಟಾರಿನ, ಅಂದರೆ ಆಕ್ಚುಯೇಟರಿನ, ಕಡ್ಡಿ ಲಾಕಿನ ಕಡ್ಡಿಗೆ ಸಮಾನಾಂತರವಾಗಿದ್ದು, ಅದರ 20 ಮಿ.ಮೀ. ಓಟದ ನಡುವೆ ಲಾಕಿನ ಓಟ ಬರುವಂತೆ ಕೂರಿಸಿದರೆ ಸಾಕು. ಕೈಯಿಂದ ಗುಬುಟು ಎತ್ತಿದರೆ ಹಗುರವಾಗಿ ಏಳಬೇಕು. ಬ್ಯಾಟರಿ ಸತ್ತಾಗ ಒಳಗೆ ಸಿಕ್ಕಿಕೊಳ್ಳಬಾರದಲ್ಲ. ಲಾಕಿನ ಕಂಟ್ರೋಲರಿಗೆ ಕೀಲಿ ತೆಗೆದ ಮೇಲೂ ಕರೆಂಟು ಬೇಕಾದ್ದರಿಂದ ಅದೊಂದು ಮಾತ್ರ ರಿಲೇಯ ಹಿಂದಿನಿಂದ, ತನ್ನದೇ 15 ಆಂಪಿಯರಿನ ಫ್ಯೂಸಿನಿಂದ ಹೊರಡುತ್ತದೆ.

ರಸ್ತೆಗೆ ಇಳಿಸುವ ಮುನ್ನ

ವಾಹನ ಬರದ, ಒಣ, ಸಮತಟ್ಟಾದ ಜಾಗದಲ್ಲಿ ಮೊದಲ ಪರೀಕ್ಷೆಯನ್ನು ಬೂಸ್ಟರಿನ ಫ್ಯೂಸ್ ಕಿತ್ತಿಟ್ಟು, ನಡಿಗೆಯ ವೇಗದಿಂದ ಆರಂಭಿಸಿ ಗಂಟೆಗೆ 40 ಕಿ.ಮೀ.ವರೆಗೆ ಮಾಡಿದೆ. ಕಾಲಿಗೆ ಶ್ರಮವಾಗುತ್ತದೆ, ಗಾಡಿ ನೇರವಾಗಿ ನಿಲ್ಲುತ್ತದೆ, ಕೆಂಪು ದೀಪವೂ ಬಜರೂ ತಮ್ಮ ಕೆಲಸ ಮಾಡುತ್ತವೆ. ಫ್ಯೂಸ್ ಮರಳಿ ಹಾಕಿದ ಮೇಲೆ ಪ್ರೊಪೋರ್ಷನಿಂಗ್ ವಾಲ್ವನ್ನು ಹಿಂದಕ್ಕೆ ಅತಿ ಕಡಿಮೆ ಒತ್ತಡ ಹೋಗುವ ಕಡೆಯಿಂದ ಶುರುಮಾಡಿ, ಮುಂಚಕ್ರ ಕಚ್ಚುವ ಮೊದಲು ಹಿಂಚಕ್ರ ಕಚ್ಚದ ಜಾಗದವರೆಗೆ ಸ್ವಲ್ಪಸ್ವಲ್ಪವೇ ತೆರೆದೆ. ಸಾಮಾನು ತುಂಬಿದಾಗ ಹಿಂದಿನ ಬ್ರೇಕ್ ಇನ್ನಷ್ಟು ದುಡಿಯಬಲ್ಲದು, ಆದರೆ ವಾಲ್ವನ್ನು ಖಾಲಿ ಗಾಡಿಗೆ ಹೊಂದಿಸಿಯೇ ಬಿಟ್ಟಿದ್ದೇನೆ. ಬ್ರೇಕನ್ನು ಬದಲಿಸಿದ ಗಾಡಿಗೆ ನೋಂದಣಿ ಇರುವಲ್ಲಿನ ತಪಾಸಣೆಯ ನಿಯಮವೇನೆಂಬುದನ್ನು ಕೆಲಸಕ್ಕೆ ಕೈಹಾಕುವ ಮೊದಲೇ ಕೇಳಿಕೊಳ್ಳಬೇಕು.

ಕೊನೆಯ ಅಳತೆ ನಿಂತ ಗಾಡಿಯದ್ದು. ಕೀಲಿ ತೆಗೆದ ಕೂಡಲೇ ಈ ಬೂಸ್ಟರ್ ಮಲಗುವುದಿಲ್ಲ, ಕೆಲವು ನಿಮಿಷ ಎಚ್ಚರವಾಗಿದ್ದು ಆಮೇಲೆ ಕರೆಂಟು ಇಳಿಸುತ್ತದೆ. ಆದ್ದರಿಂದ ಬ್ಯಾಟರಿಯ ಮೈನಸ್ ವೈರಿಗೆ ಮೀಟರ್ ಜೋಡಿಸಿ ಅರ್ಧ ಗಂಟೆ ಕಾದು ಓದಬೇಕು. ಲಾಕಿನ ಕಂಟ್ರೋಲರೂ ಸೇರಿ 30 ಮಿಲಿಆಂಪಿಯರಿಗಿಂತ ಕಡಿಮೆ ಬಂತು, ಸಾಮಾನ್ಯವಾಗಿ ಒಪ್ಪುವ 50ರ ಮಿತಿಯೊಳಗೆ. ಬ್ರಾಕೆಟ್ಟಿನ ಬೋಲ್ಟುಗಳನ್ನೂ ಪೈಪಿನ ನಟ್ಟುಗಳನ್ನೂ ಕೆಲವು ನೂರು ಕಿ.ಮೀ. ಓಡಿದ ಮೇಲೆ ಮತ್ತೆ ಟಾರ್ಕ್ ರೆಂಚಿನಿಂದ ನೋಡುವುದಿದೆ. ವೈಪರಿನ ಮೋಟಾರು ಇನ್ನೂ ಹಳೆಯದೇ. ಫ್ಯೂಸ್ ಪೆಟ್ಟಿಗೆಯಲ್ಲಿ ಉಳಿದಿರುವ ಖಾಲಿ ಜಾಗಗಳಲ್ಲಿ ಒಂದು ಅದಕ್ಕೆ.